ಹಾವಿಗೂ ಚಳಿಯಾಗುತ್ತದೆ

ಹಾವಿಗೆ ನಾವು ಏನೆಲ್ಲ ಕೊಟ್ಟಿದ್ದೇವೆ! ಹಾಲೆರೆದಿದ್ದೇವೆ, ಅರಿಶಿನ ಕುಂಕುಮ ಹಚ್ಚಿದ್ದೇವೆ, ಬೆಳ್ಳಿಯ ಹೆಡೆ ಮಾಡಿಸಿ ಹರಕೆ ಒಪ್ಪಿಸಿದ್ದೇವೆ. ಮಕ್ಕಳಾಗಲಿಲ್ಲವೆಂದು ನಾಗಪ್ರತಿಷ್ಠೆ ಮಾಡಿಸಿದ್ದೇವೆ. ಅಂಗಳದಲ್ಲಿ ಕಂಡಾಗ ದೊಣ್ಣೆಯ ಏಟನ್ನೂ ಕೊಟ್ಟಿದ್ದೇವೆ. ಕಲ್ಲಿನ ಹಾವಿಗೆ ನೈವೇದ್ಯ, ಜೀವವಿರುವ ಹಾವಿಗೆ ಹೊಡೆತ ಎಂಬ ನಮ್ಮ ಈ ಇಬ್ಬಗೆಯನ್ನು ಹನ್ನೆರಡನೆಯ ಶತಮಾನದಲ್ಲೇ ಬಸವಣ್ಣನವರು ಒಂದು ವಚನದಲ್ಲಿ ಎತ್ತಿ ತೋರಿಸಿದ್ದರು. ಇಷ್ಟೆಲ್ಲ ಕೊಟ್ಟ ನಾವು, ಮನೆಯ ಮಕ್ಕಳ ಬಗ್ಗೆ ದಿನಕ್ಕೆ ಹತ್ತು ಸಲ ಕೇಳುವ ಒಂದು ಸಾಧಾರಣ ಪ್ರಶ್ನೆಯನ್ನು ಹಾವಿನ ಬಗ್ಗೆ ಮಾತ್ರ ಕೇಳಿಕೊಂಡಿದ್ದು ಕಡಿಮೆ. ಇದಕ್ಕೆ ಚಳಿಯಾಗುತ್ತದೆಯೆ? ಸೆಕೆಯಾಗುತ್ತದೆಯೆ?

ಕೇಳದಿರುವುದಕ್ಕೆ ಕಾರಣವಿದೆ. ಉತ್ತರ ನಮಗೆ ಮೊದಲೇ ಗೊತ್ತಿದೆ ಎಂದುಕೊಂಡಿದ್ದೆವು. ನಾಗ ಎಂದರೆ ಉಷ್ಣ, ಅವನಿಗೆ ತಂಪು ಮಾಡಬೇಕು ಎಂಬುದು ನಮ್ಮ ಹಿರಿಯರ ಭಾವನೆ. ತನಿ ಎರೆಯುವುದು, ಎಳನೀರು ಹೊಯ್ಯುವುದು ಎಲ್ಲವೂ ಆ ಭಾವನೆಯ ಬಳ್ಳಿಯಲ್ಲೇ ಬಿಟ್ಟ ಹೂವುಗಳು. ಪಶ್ಚಿಮದವರು ಇದಕ್ಕೆ ತದ್ವಿರುದ್ಧ. ಹಾವನ್ನು ಮುಟ್ಟಿದರೆ ತಣ್ಣಗಿರುತ್ತದೆ, ಆದ್ದರಿಂದ ಅದು ಶೀತರಕ್ತದ ಪ್ರಾಣಿ ಎಂದರು. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟಷ್ಟು ವರ್ಷವೂ ಪಠ್ಯದಲ್ಲಿದ್ದ ಮಾತು ಅದೇ. ಒಬ್ಬರು ಬಿಸಿ ಎಂದರು, ಇನ್ನೊಬ್ಬರು ತಣ್ಣಗೆ ಎಂದರು. ಎರಡೂ ಪೂರ್ತಿ ನಿಜವಲ್ಲ ಎಂದು ತಿಳಿಯುವುದಕ್ಕೆ ಮನುಷ್ಯನಿಗೆ ಬಹಳ ಕಾಲ ಹಿಡಿಯಿತು. ಆ ಕಾಲದ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ನಾವಿರುವುದು ಜಾಲಹಳ್ಳಿಯಲ್ಲಿ. ಈಗ ಬಂದು ನೋಡಿದವರಿಗೆ ಇದೊಂದು ಹಳ್ಳಿಯಾಗಿತ್ತೆಂದು ಹೇಳಿದರೆ ನಗು ಬಂದೀತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಸೈನ್ಯದ ಆಸ್ಪತ್ರೆಗಳೆದ್ದವು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1961ರಲ್ಲಿ ಕೈಗಡಿಯಾರದ ಕಾರ್ಖಾನೆ ಬಂದವು. ವಾಯುಪಡೆಯವರೂ ಬಂದರು. ಹೊಲ, ಕುರುಚಲು, ಕಲ್ಲುಬಂಡೆ ಇದ್ದ ನೆಲದ ಮೇಲೆ ಕಾಂಪೌಂಡು ಗೋಡೆಗಳೆದ್ದವು. ಆದರೆ ಆ ಗೋಡೆಗಳ ಒಳಗೆ ಮರಗಳೂ ಪೊದೆಗಳೂ ಬಹಳ ಕಾಲ ಉಳಿದವು. ಅವುಗಳ ಜೊತೆ ಹಾವುಗಳೂ ಉಳಿದವು. ಕೇರೆ, ನಾಗರ, ಕೊಳಕುಮಂಡಲ ಎಲ್ಲವೂ ಬೆಂಗಳೂರಿನ ಹಳೆಯ ನಿವಾಸಿಗಳೇ. ಅಶ್ವತ್ಥದ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದ ನಾಗರಕಲ್ಲುಗಳೂ ಉಳಿದವು.

ಆ ಕಟ್ಟೆಯನ್ನು ಭಕ್ತಿಯ ಕಣ್ಣಿನಿಂದಲ್ಲದೆ ಹಾವಿನ ಕಣ್ಣಿನಿಂದ ಒಮ್ಮೆ ನೋಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಧನುರ್ಮಾಸದ ಮುಂಜಾವಿನಲ್ಲಿ ಇಲ್ಲಿ 15-16 ಡಿಗ್ರಿ ಸೆಲ್ಸಿಯಸ್ ಚಳಿ ಸಾಮಾನ್ಯ. 1884ರ ಜನವರಿಯಲ್ಲಿ 7.8 ಡಿಗ್ರಿಗೆ ಇಳಿದದ್ದೂ ಉಂಟು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿಗೆ ಏರಿದ್ದೂ ಉಂಟು. ನಮಗಾದರೆ ಒಳಗೊಂದು ಒಲೆಯಿದೆ. ತಿಂದ ಅನ್ನದ ಬಹುಪಾಲನ್ನು ಉರಿಸಿ ಮೈಯನ್ನು 37 ಡಿಗ್ರಿಯಲ್ಲಿ ಇಟ್ಟುಕೊಳ್ಳುತ್ತೇವೆ. ಅದಕ್ಕೇ ದಿನಕ್ಕೆ ಮೂರು ಹೊತ್ತು ಅಡುಗೆ. ಹಾವಿನ ಒಳಗೆ ಅಂಥ ಒಲೆಯಿಲ್ಲ. ಅದು ಬಿಸಿಯನ್ನು ಹೊರಗಿನಿಂದ ಕಡ ತರುತ್ತದೆ. ಹಗಲೆಲ್ಲ ಕಾದ ಕಟ್ಟೆಯ ಕಲ್ಲು ಸಂಜೆ ಬಿಸಿಲಿಳಿದ ಮೇಲೂ ಬೆಚ್ಚಗಿರುತ್ತದೆ. ಪಕ್ಕದಲ್ಲೇ ಅಶ್ವತ್ಥದ ನೆರಳಿದೆ, ಬೇರಿನ ಸಂದಿನಲ್ಲಿ ತಂಪಾದ ಬಿಲವಿದೆ. ಹಾವು ಕಟ್ಟೆಗೆ ಬರುವುದು ನಾವಿಟ್ಟ ಹಾಲಿಗಲ್ಲ. ಹಾಲು ಅದರ ಆಹಾರವೇ ಅಲ್ಲ. ಬಿಸಿಲೂ ನೆರಳೂ ಒಂದೇ ಕಡೆ ಸಿಗುತ್ತವೆ, ಇಲಿಯೂ ಸಿಗುತ್ತದೆ, ಅದಕ್ಕಾಗಿ ಬರುತ್ತದೆ. ತಿಂದ ಇಲಿ ಅರಗಬೇಕಾದರೂ ಮೈ ಬೆಚ್ಚಗಾಗಬೇಕು. ಚಳಿ ಹಿಡಿದರೆ ಹೊಟ್ಟೆಯಲ್ಲಿರುವುದು ಅರಗದೆ, ನುಂಗಿದ್ದನ್ನು ಕಕ್ಕಿಬಿಡುತ್ತದೆ.

ಇನ್ನು ಹುತ್ತದ ಮಾತು. ಗೆದ್ದಲು ಕಟ್ಟಿದ ಮನೆಗೆ ಹಾವು ಹೊಕ್ಕಿತೆಂದು ನಾವು ಗಾದೆ ಮಾಡಿ ಹಾವನ್ನು ಬೈದಿದ್ದೇವೆ. ಆದರೆ ಅದು ಹುಡುಕಿಕೊಂಡು ಹೋಗುವ ಮನೆ ಎಂಥದೆಂದು ನೋಡಬೇಕು. ಗೆದ್ದಲು ಹುತ್ತದೊಳಗೆ ಅಣಬೆಯ ತೋಟ ಬೆಳೆಸುತ್ತದೆ. ಮಳೆಗಾಲದಲ್ಲಿ ಹುತ್ತದ ಬಳಿ ಏಳುವ ಅಣಬೆಯನ್ನು ಸಾರು ಮಾಡಿ ಉಂಡವರಿಗೆ ಆ ತೋಟದ ರುಚಿ ಗೊತ್ತು. ಆ ತೋಟ ಕೆಡದಿರಬೇಕಾದರೆ ಒಳಗೆ ತೇವವಿರಬೇಕು, ಬಿಸಿ ಹೆಚ್ಚು ಏರಿಳಿಯಬಾರದು, ಕೆಟ್ಟ ಗಾಳಿ ಹೊರಗೆ ಹೋಗಬೇಕು. ಇದು ಹೇಗೆ ನಡೆಯುತ್ತದೆಂಬ ಬಗ್ಗೆ 2015ರಲ್ಲಿ ಒಂದು ಒಳ್ಳೆಯ ಅಧ್ಯಯನ ಪ್ರಕಟವಾಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್. ಮಹಾದೇವನ್ ಮತ್ತು ಅವರ ಸಂಗಡಿಗರು ನಮ್ಮ ದಕ್ಷಿಣ ಭಾರತದ ಹುತ್ತಗಳೊಳಗೇ ಗಾಳಿಯ ಓಟವನ್ನು ಅಳೆದರು. ಹಗಲಿನಲ್ಲಿ ಹುತ್ತದ ಹೊರಮೈ ಬೇಗ ಕಾಯುತ್ತದೆ. ಆಗ ಅಂಚಿನ ಗಾಳಿ ಮೇಲೇರಿ ನಡುವಿನ ಗಾಳಿ ಕೆಳಗಿಳಿಯುತ್ತದೆ. ರಾತ್ರಿ ಹೊರಮೈ ಬೇಗ ತಣ್ಣಗಾಗುತ್ತದೆ, ಆಗ ಗಾಳಿಯ ಓಟ ತಿರುಗುಮುರುಗು. ಅಂದರೆ ಹುತ್ತ ದಿನಕ್ಕೊಮ್ಮೆ ಉಸಿರಾಡುತ್ತದೆ ಎನ್ನಿ. ಗೆದ್ದಲು ಬಿಟ್ಟುಹೋದ ಪೊಳ್ಳು ಹುತ್ತವೂ ದಪ್ಪ ಮಣ್ಣಿನ ಗೋಡೆಯ ಮನೆಯೇ. ಮಧ್ಯಾಹ್ನ ಒಳಗೆ ತಂಪು, ಇರುಳಿನಲ್ಲಿ ಹೊರಗಿಗಿಂತ ಬೆಚ್ಚಗೆ. ಹಾವು ಆರಿಸಿಕೊಂಡದ್ದು ಸುಮ್ಮನೆ ಅಲ್ಲ.

ನಮ್ಮ ನಾಗರಪಂಚಮಿಯ ಕಟ್ಟಳೆಗಳಲ್ಲಿ ಒಂದು ಮಾತ್ರ ಹಾವಿಗೆ ನಿಜವಾಗಿ ಉಪಕಾರ ಮಾಡುವಂಥದು. ಅವತ್ತು ನೆಲ ಅಗೆಯಬಾರದು ಎಂಬ ಕಟ್ಟಳೆ. ನಮ್ಮತ್ತೆ ಅವತ್ತು ಹೂವಿನ ಗಿಡದ ಬುಡಕ್ಕೂ ಕೈ ಹಾಕಗೊಡಿಸುತ್ತಿರಲಿಲ್ಲ. ಕಾರಣ ಕೇಳಿದರೆ, "ಅದರ ಮನೆ ಯಾವ ಕಡೆ ಐತೋ ನಿಂಗೆ ಗೊತ್ತೇನಮ್ಮ?" ಎನ್ನುತ್ತಿದ್ದರು. ಶ್ರಾವಣವೆಂದರೆ ನಾಗರಹಾವಿನ ಮರಿಗಳು ಮೊಟ್ಟೆಯೊಡೆದು ಹೊರಬರುವ ಕಾಲಕ್ಕೆ ಹೊಂದಿಕೊಂಡೇ ಇರುತ್ತದೆ. ಅತ್ತೆ ಶಾಸ್ತ್ರ ಓದಿದವರಲ್ಲ. ಆದರೆ ಹಾವಿಗೆ ಒಂದು ಮನೆಯಿದೆ ಎಂಬುದನ್ನು ಒಪ್ಪಿಕೊಂಡಿದ್ದರು.

ಇನ್ನು ಪಶ್ಚಿಮದ ಕಡೆಯ ಕಥೆ. ಅದೂ ನಮ್ಮ ದೇಶದಿಂದಲೇ ಶುರುವಾಗುತ್ತದೆ, ಒಬ್ಬ ತಾಯಿಯಿಂದ ಶುರುವಾಗುತ್ತದೆ. ಲಾಮಾರ್ ಪಿಕೋ ಎಂಬ ಫ್ರೆಂಚ್ ಪ್ರವಾಸಿ ಭಾರತದಲ್ಲಿ ತಿರುಗಾಡಿ ಹೋದವನು. ಹೆಬ್ಬಾವು ತನ್ನ ಮೊಟ್ಟೆಗಳನ್ನು ಸುತ್ತಿಕೊಂಡು ಕೂತು ಅವಕ್ಕೆ ಕಾವು ಕೊಡುತ್ತದೆ ಎಂದು 1832ರಲ್ಲಿ ಪ್ಯಾರಿಸಿನ ಪಂಡಿತರಿಗೆ ವರದಿ ಒಪ್ಪಿಸಿದ. ಪಂಡಿತರು ಒಪ್ಪಲಿಲ್ಲ. ತಾನೇ ತಣ್ಣಗಿರುವ ಪ್ರಾಣಿ ಇನ್ನೊಂದಕ್ಕೆ ಕಾವು ಕೊಡುವುದೆಂದರೇನು? ಕೋಳಿಯೆ ಇದು? ಬಡಪಾಯಿ ಪ್ರವಾಸಿಯ ಮಾತು ಮೂಲೆಗೆ ಬಿತ್ತು.

ಒಂಬತ್ತು ವರ್ಷಗಳ ಮೇಲೆ, 1841ರಲ್ಲಿ, ಪ್ಯಾರಿಸಿನ ಸಸ್ಯೋದ್ಯಾನದ ಪ್ರಾಣಿಸಂಗ್ರಹದಲ್ಲೇ ಒಂದು ಹೆಬ್ಬಾವು ಮೊಟ್ಟೆಯಿಟ್ಟಿತು. ಇಟ್ಟು, ಅವುಗಳ ಸುತ್ತ ಮೈ ಸುರುಳಿ ಮಾಡಿ ಕೂತಿತು. ವಾಲೆನ್ಸಿಯೆನ್ ಎಂಬ ಪ್ರಾಣಿಶಾಸ್ತ್ರಜ್ಞ ಸುರುಳಿಗಳ ನಡುವೆ ಥರ್ಮಾಮೀಟರ್ ಇಟ್ಟು ನೋಡಿದ. ಸುತ್ತಲಿನ ಗಾಳಿಗಿಂತ ತಾಯಿಯ ಮಡಿಲು ಬೆಚ್ಚಗಿತ್ತು. ಸುಮಾರು ಎರಡು ತಿಂಗಳು ಹಾಗೇ ಕೂತು ಅದು ಮರಿ ಮಾಡಿತು. ಪ್ರವಾಸಿಯ ಮಾತು ನಿಜವಾಯಿತು. ಆದರೂ ಈ ಬಿಸಿ ಎಲ್ಲಿಂದ ಬಂತು ಎಂಬ ಗಂಟು ಬಿಡಿಸಲು ಇನ್ನೂ ನೂರಿಪ್ಪತ್ತೈದು ವರ್ಷ ಬೇಕಾಯಿತು.

ಅದಕ್ಕೆ ಮೊದಲು ಇನ್ನೊಂದು ಹೆಜ್ಜೆಯಿದೆ. 1944ರಲ್ಲಿ ಅಮೆರಿಕದ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಎಂಬಿಬ್ಬರು ಕ್ಯಾಲಿಫೋರ್ನಿಯಾದ ಮರುಭೂಮಿಯ ಹಾವು ಹಲ್ಲಿಗಳನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಅಲ್ಲಿಯವರೆಗೆ, ಹಾವಿನ ಮೈಬಿಸಿ ಎಂದರೆ ಗಾಳಿಯ ಬಿಸಿಯೇ, ಅದರಲ್ಲಿ ಹಾವಿನ ಪಾಲೇನೂ ಇಲ್ಲ ಎಂದೇ ಎಣಿಕೆ. ಇವರು ಒಂದೊಂದು ಪ್ರಾಣಿಯ ಮೈಬಿಸಿಯನ್ನೂ ಅಳೆದು ನೋಡಿದರು. ಚುರುಕಾಗಿ ಓಡಾಡುವ ಹೊತ್ತಿನಲ್ಲಿ ಒಂದೊಂದು ಜಾತಿಗೂ ತನಗೆ ಹಿತವಾದ ಒಂದು ಮಿತಿಯಿತ್ತು. ಸ್ವಲ್ಪ ಬಿಸಿಲಿಗೆ ಬಂದು, ಸ್ವಲ್ಪ ನೆರಳಿಗೆ ಸರಿದು, ಮರಳಿನೊಳಗೆ ಹುದುಗಿ, ಮೈಯನ್ನು ಓರೆ ಮಾಡಿ ಅವು ಆ ಮಿತಿಯನ್ನು ಕಾಯ್ದುಕೊಳ್ಳುತ್ತಿದ್ದವು. ಆ ಮಿತಿಯಿಂದ ಕೆಲವೇ ಡಿಗ್ರಿ ಮೇಲಕ್ಕೆ ಸಾವು. ಮರುಭೂಮಿಯಲ್ಲೇ ಹುಟ್ಟಿದ ಹಾವು ಕೂಡ ನೆರಳಿಗೆ ಹೋಗಲು ದಾರಿಯಿಲ್ಲದಿದ್ದರೆ ಬಿಸಿಲಲ್ಲಿ ಸ್ವಲ್ಪ ಹೊತ್ತಿಗೇ ಸಾಯುತ್ತದೆ. ಹಾಗಾದರೆ ಅದು ಉಷ್ಣವೂ ಅಲ್ಲ, ಶೀತವೂ ಅಲ್ಲ. ಎರಡರ ನಡುವೆ ಓಡಾಡಿ ತನಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳುವ ಜಾಣ ಜೀವಿ. ನಾವು ಉಗ್ಗದಲ್ಲಿ ಬಿಸಿನೀರೂ ತಣ್ಣೀರೂ ಬೆರೆಸಿ ಮಗುವಿಗೆ ಹದ ಮಾಡುವುದಿಲ್ಲವೆ, ಹಾಗೆ.

1966ರಲ್ಲಿ ನ್ಯೂಯಾರ್ಕಿನ ಪ್ರಾಣಿಸಂಗ್ರಹಾಲಯದ ಒಂದು ತಾಯಿ ಹೆಬ್ಬಾವಿನ ಮೇಲೆ ಹಚಿಸನ್, ಡೌಲಿಂಗ್, ವಿನೆಗರ್ ಎಂಬ ಮೂವರು ಮಾಡಿದ ಅಧ್ಯಯನ ಪ್ರಕಟವಾಯಿತು. ಬರ್ಮಾ ಕಡೆಯ ಆ ಹೆಬ್ಬಾವನ್ನು ಆಗ ನಮ್ಮ ಭಾರತದ ಹೆಬ್ಬಾವಿನ ಒಂದು ಬಗೆಯೆಂದೇ ಎಣಿಸುತ್ತಿದ್ದರು. ಸುತ್ತಲಿನ ಬಿಸಿ 33 ಡಿಗ್ರಿಗಿಂತ ಕೆಳಗಿಳಿದರೆ ಸಾಕು, ಮೊಟ್ಟೆಯ ಮೇಲೆ ಕೂತ ತಾಯಿ ಮೈಯ ಸ್ನಾಯುಗಳನ್ನು ಬಿಟ್ಟು ಬಿಟ್ಟು ಅದುಮಿ ಸಡಿಲಿಸುತ್ತಿತ್ತು. ಚಳಿಯಲ್ಲಿ ನಾವು ನಡುಗುವ ಹಾಗೆಯೇ. ಆ ನಡುಕದಿಂದ ಬಿಸಿ ಹುಟ್ಟಿ ಮೊಟ್ಟೆಗಳಿಗೆ ಹೋಗುತ್ತಿತ್ತು. ಉಳಿದ ದಿನಗಳಲ್ಲಿ ಬಿಸಿಲನ್ನು ಕಡ ತರುವ ಹಾವು, ತಾಯಿಯಾದಾಗ ಮಾತ್ರ ತನ್ನ ಮೈಯಲ್ಲೇ ಒಲೆ ಹಚ್ಚಿಕೊಳ್ಳುತ್ತದೆ. ಅದೂ ಸಾಮಾನ್ಯವಾಗಿ ಉಪವಾಸವಿದ್ದುಕೊಂಡು. ಬಾಣಂತಿಕೋಣೆಯ ಕಿಟಕಿ ಮುಚ್ಚಿ, ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಹಂಡೆ ನೀರು ಕಾಯಿಸಿ ಮಗುವನ್ನು ಬೆಚ್ಚಗಿಟ್ಟ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮಲೆನಾಡಿನ ಕಾಳಿಂಗ ಸರ್ಪ ಇದನ್ನೇ ಬೇರೆ ದಾರಿಯಲ್ಲಿ ಮಾಡುತ್ತದೆ. ತರಗೆಲೆಗಳನ್ನು ಮೈಯಿಂದ ಎಳೆದು ಗುಡ್ಡೆ ಮಾಡಿ ಗೂಡು ಕಟ್ಟುವ ಹಾವು ಅದೊಂದೇ. ತಿಪ್ಪೆಯ ಗೊಬ್ಬರ ಒಳಗೆ ಬಿಸಿಯಾಗುವುದನ್ನು ನೋಡಿದ್ದೀರಲ್ಲ, ಹಾಗೆ ಕೊಳೆಯುವ ಎಲೆಯ ರಾಶಿ ಮೊಟ್ಟೆಗಳನ್ನು ಬೆಚ್ಚಗಿಡುತ್ತದೆ. ಆಗುಂಬೆಯಲ್ಲಿ ರೊಮುಲಸ್ ವಿಟೇಕರ್ 2005ರಲ್ಲಿ ಆರಂಭಿಸಿದ ಮಳೆಕಾಡು ಸಂಶೋಧನಾ ಕೇಂದ್ರದವರು ಇಂಥ ಗೂಡುಗಳನ್ನು ಕಾದು ಕೂತು ನೋಡಿದ್ದಾರೆ. ಮಂಗಳೂರಿನ ಪಿಲಿಕುಳದ ಜೈವಿಕ ಉದ್ಯಾನದಲ್ಲಿ ಕಾಳಿಂಗಗಳನ್ನು ಸಾಕಿ ಮರಿ ಮಾಡಿಸಿದ್ದಾರೆ. ಸೆರೆಯಲ್ಲಿರುವ ಹಾವು ಮೊಟ್ಟೆಯಿಟ್ಟು ಮರಿಯಾಗಬೇಕಾದರೆ ಸಾಕುವವರಿಗೆ ಬಿಸಿ ತಂಪಿನ ಲೆಕ್ಕ ಕೈವಶವಾಗಿರಬೇಕು.

ಹಾವನ್ನು ಸೆರೆಯಲ್ಲಿಡುವುದು ನಮಗೇನೂ ಹೊಸದಲ್ಲ. ಹಾವಾಡಿಗನ ಬುಟ್ಟಿಯನ್ನು ನನ್ನ ವಯಸ್ಸಿನವರೆಲ್ಲ ಕಂಡಿದ್ದೇವೆ. ಆ ಬುಟ್ಟಿಯಲ್ಲಿ ಹಾವಿಗಿದ್ದ ಕಷ್ಟ ಹಲ್ಲು ಕಿತ್ತದ್ದೊಂದೇ ಅಲ್ಲ. ಬುಟ್ಟಿ ಬಿಸಿಲಲ್ಲಿದ್ದರೆ ಒಳಗೆಲ್ಲ ಬಿಸಿಲು, ಚಳಿಯಲ್ಲಿದ್ದರೆ ಒಳಗೆಲ್ಲ ಚಳಿ. ಸರಿದುಕೊಳ್ಳಲು ಒಂದು ಗೇಣು ಬೇರೆ ಜಾಗವಿಲ್ಲ. ಪಂಚಮಿಗೆ ಮುಂಚೆ ನೀರಿಲ್ಲದೆ ಒಣಗಿಸಿದ ಹಾವು ಬಾಯಾರಿಕೆಗೆ ಹಾಲು ಕುಡಿಯುತ್ತಿತ್ತು. ಅದನ್ನು ಕಂಡು ನಾವು ಕೈಮುಗಿಯುತ್ತಿದ್ದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಬುಟ್ಟಿಗಳು ಮೆಲ್ಲಮೆಲ್ಲನೆ ಮರೆಯಾದವು. ನಮ್ಮ ನಾಡಿನ ನಾಗರ, ಹೆಬ್ಬಾವು, ಕೇರೆಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ.

ಬುಟ್ಟಿ ಹೋಯಿತು, ಗಾಜಿನ ಪೆಟ್ಟಿಗೆ ಬಂತು. ಹೊರದೇಶದ ಹಾವುಗಳನ್ನು ಸಾಕುವ ಹವ್ಯಾಸ ಈಗ ನಮ್ಮ ಊರುಗಳಿಗೂ ಬಂದಿದೆ. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಇಂಥ ಪ್ರಾಣಿಗಳನ್ನು ಸರಕಾರದಲ್ಲಿ ನೋಂದಾಯಿಸಬೇಕೆಂದಾಗಿದೆ. ನಮ್ಮ ರಸ್ತೆಯಲ್ಲೇ ಒಬ್ಬ ಹುಡುಗ ಕಾಗದಪತ್ರವೆಲ್ಲ ಸರಿಯಾಗಿ ಮಾಡಿಸಿ, ಬಾಲ್ ಪೈಥಾನ್ ಎಂಬ ಆಫ್ರಿಕದ ಪುಟ್ಟ ಹೆಬ್ಬಾವನ್ನು ಸಾಕಿದ್ದಾನೆ. ಒಂದು ಜನವರಿಯಲ್ಲಿ ಅವನ ತಾಯಿ ನಮ್ಮ ಮನೆಗೆ ಬಂದರು. "ಮೇಡಂ, ಹುಡುಗ ಸರಿಯಾಗಿ ಊಟ ಮಾಡ್ತಿಲ್ಲ. ಆ ಹಾವು ಏನೂ ತಿಂತಿಲ್ಲವಂತೆ. ನೀವು ಒಂದ್ಸಲ ಬಂದು ನೋಡ್ತೀರಾ?" ಎಂದರು. ಆಕೆಗೆ ಹಾವಿನ ಮೇಲೆ ಪ್ರೀತಿಯೇನೂ ಇರಲಿಲ್ಲ. ಮಗನ ಮುಖ ನೋಡಲಾರದೆ ಬಂದಿದ್ದರು.

ಹೋಗಿ ನೋಡಿದೆ. ಮೂರಡಿ ಗಾಜಿನ ಪೆಟ್ಟಿಗೆ. ಚಳಿಯಾದೀತೆಂದು ಹುಡುಗ ಮೇಲೆ ನೂರು ವಾಟ್‌ನ ಬಲ್ಬು ಕಟ್ಟಿದ್ದ. ರಾತ್ರಿ ಬೆಳಕು ಬೇಡವೆಂದು ಆರಿಸುತ್ತಿದ್ದ. ಹಗಲು ಪೆಟ್ಟಿಗೆಯೆಲ್ಲ ಒಲೆ, ಇರುಳು ಪೆಟ್ಟಿಗೆಯೆಲ್ಲ ಮಂಜು. ಹಾವು ನೀರಿನ ಬೋಗುಣಿಯೊಳಗೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಸೆಕೆ ತಡೆಯದ ಹಾವು ಹೀಗೆ ನೀರು ಹೊಗುವುದುಂಟು. ಹುಡುಗ ಅಕ್ಕರೆಯಲ್ಲಿ ಕಡಿಮೆಯೇನೂ ಮಾಡಿರಲಿಲ್ಲ. ಆ ಅಕ್ಕರೆ ಪೆಟ್ಟಿಗೆಯ ತುಂಬ ಒಂದೇ ಸಮನೆ ಹರಡಿತ್ತು, ಅಷ್ಟೆ.

ಈ ಜಾತಿಯ ಹಾವು ತನ್ನ ನಾಡಿನಲ್ಲಿ ಹಗಲು ಹೊತ್ತು ಇಲಿಯ ಬಿಲದಲ್ಲೋ ಗೆದ್ದಲಿನ ಹುತ್ತದಲ್ಲೋ ಅಡಗಿರುತ್ತದೆ ಎಂದು ಅವನಿಗೆ ಹೇಳಿದೆ. ಹುತ್ತ ಎಂದ ಕೂಡಲೇ ಅವನ ತಾಯಿ ಹತ್ತಿರ ಬಂದು ನಿಂತರು. ಪೆಟ್ಟಿಗೆಯ ಒಂದು ತುದಿ ಮಾತ್ರ ಬೆಚ್ಚಗಿರಬೇಕು, 31-32 ಡಿಗ್ರಿ. ಇನ್ನೊಂದು ತುದಿ 25-27 ಡಿಗ್ರಿ. ಎರಡೂ ಕಡೆ ಅಡಗಲು ಒಂದೊಂದು ಗೂಡು ಬೇಕು. ಬೆಚ್ಚಗಿನ ಕಡೆ ಮಾತ್ರ ಗೂಡಿದ್ದರೆ, ಸೆಕೆಯಾದರೂ ಹೆದರುವ ಹಾವು ಅಲ್ಲಿಂದ ಹೊರಡುವುದಿಲ್ಲ. ಬಲ್ಬಿನ ಬದಲು ಪೆಟ್ಟಿಗೆಯ ಮೂರನೆಯ ಒಂದು ಪಾಲಿನಷ್ಟೇ ಅಗಲದ ಬಿಸಿ ಹಾಸನ್ನು ಹೊರಗಿನಿಂದ ಕೂಡಿಸಬೇಕು. ಅದಕ್ಕೆ ಇಸ್ತ್ರಿಪೆಟ್ಟಿಗೆಯಲ್ಲೂ ಗೀಸರಿನಲ್ಲೂ ಇರುವಂಥ ಥರ್ಮೋಸ್ಟಾಟ್ ಇರಲೇಬೇಕು, ಇಲ್ಲವಾದರೆ ಹಾವಿನ ಹೊಟ್ಟೆ ಸುಟ್ಟೀತು. ಹಾವಿಗೆ ಅಡಿಯಿಂದ ತಾಕುವ ಬಿಸಿ ಬೇಗ ತಿಳಿಯುವುದಿಲ್ಲ. ಎರಡು ತುದಿಗೂ ಒಂದೊಂದು ಥರ್ಮಾಮೀಟರ್. ನೀರಿನ ಬೋಗುಣಿ ಯಾವಾಗಲೂ ಇರಬೇಕು. ಬಿಸಿಲು ಬೀಳುವ ಕಿಟಕಿಯ ಹತ್ತಿರ ಗಾಜಿನ ಪೆಟ್ಟಿಗೆ ಇಡುವುದೇ ಬೇಡ. ಕರೆಂಟು ಹೋದ ರಾತ್ರಿ, ಬಿಸಿನೀರಿನ ಬಾಟಲಿಯನ್ನು ದಪ್ಪ ಟವಲಿನಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಒರಗಿಸಿದರೆ ಸಾಕು. ಮೈ ಬೆಚ್ಚಗಾಗದೆ ಆಹಾರ ಕೊಡಬಾರದು. ಎಲ್ಲ ಸರಿಯಿದ್ದೂ ತಿನ್ನದಿದ್ದರೆ ಹಾವುಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಬೇಕು.

ಎರಡು ವಾರ ಕಳೆದ ಮೇಲೆ ಆಕೆ ಕಾಂಪೌಂಡಿನಾಚೆಯಿಂದಲೇ ಕೂಗಿ ಹೇಳಿದರು, "ತಿಂತಂತೆ ಮೇಡಂ!" ಆಮೇಲೆ ಸ್ವಲ್ಪ ನಾಚಿಕೊಂಡು, "ಬೆಳಿಗ್ಗೆ ಆ ಕಡೆ, ಮಧ್ಯಾಹ್ನ ಈ ಕಡೆ. ನಾನೂ ನೋಡ್ತಾ ಇರ್ತೀನಿ" ಎಂದರು.

ಪೆಟ್ಟಿಗೆಯ ಹಾವಿಗೆ ಇಷ್ಟು ಮಾಡಿದೆವು. ಕಟ್ಟೆಯ ಹಾವಿಗೆ ಏನು ಮಾಡುತ್ತಿದ್ದೇವೆ? ನಮ್ಮ ಊರುಗಳಲ್ಲಿ ಭಕ್ತಿ ಹೆಚ್ಚಿದ ಹಾಗೆ ಸಿಮೆಂಟೂ ಹೆಚ್ಚುತ್ತಿದೆ. ಕಟ್ಟೆಗೆ ನುಣುಪಾದ ಟೈಲ್ಸು, ಸುತ್ತ ಕಬ್ಬಿಣದ ಕಂಬಿ, ಮೇಲೆ ತಗಡಿನ ಮಾಡು. ಹುತ್ತದ ಸುತ್ತ ಗುಡಿ ಕಟ್ಟಿ, ನೆಲಕ್ಕೆ ಕಲ್ಲು ಹಾಸಿ, ಹುತ್ತದ ಬಾಯಿಯನ್ನೂ ಬಿಡದೆ ಮುಚ್ಚುತ್ತೇವೆ. ಕರಾವಳಿಯ ನಾಗಬನಗಳಲ್ಲೂ ಎಷ್ಟೋ ಕಡೆ ಮರ ಹೋಗಿ ಕಾಂಕ್ರೀಟು ಬಂದಿದೆ. ಅಲ್ಲಿ ಕಲ್ಲಿನ ನಾಗನಿಗೆ ತೊಂದರೆಯೇನೂ ಇಲ್ಲ, ಅವನಿಗೆ ಚಳಿಯೂ ಇಲ್ಲ, ಸೆಕೆಯೂ ಇಲ್ಲ. ಜೀವವಿರುವ ಹಾವಿಗೆ ಮಾತ್ರ ಬಿಲಕ್ಕೆ ದಾರಿ ತಪ್ಪುತ್ತದೆ. ಆಗ ಅದು ತಂಪಿಗಾಗಿ ನಮ್ಮ ಬಚ್ಚಲಿಗೆ, ಬೆಚ್ಚಗಿರಲೆಂದು ನಮ್ಮ ಸ್ಕೂಟರಿನ ಎಂಜಿನ್ನಿನ ಸಂದಿಗೆ ಬರುತ್ತದೆ. ಬಂದಾಗ ಏಟು ತಿನ್ನುತ್ತದೆ.

ಮುಂದಿನ ಪಂಚಮಿಗೆ ನಿಮ್ಮೂರ ಕಟ್ಟೆಗೆ ಹೋದಾಗ ಎರಡು ಸಂಗತಿ ನೋಡಿ ಬನ್ನಿ. ಅಶ್ವತ್ಥದ ಬುಡದಲ್ಲಿ ಬೇರಿನ ಸಂದು ತೆರೆದಿದೆಯೆ? ಕಟ್ಟೆಯ ಒಂದು ಮಗ್ಗುಲಿಗಾದರೂ ಬಿಸಿಲು ಬೀಳುತ್ತದೆಯೆ? ಮುಚ್ಚಿದ್ದರೆ, ಜೀರ್ಣೋದ್ಧಾರಕ್ಕೆ ಚಂದಾ ಕೇಳಲು ಬರುವವರ ಹತ್ತಿರ ಇದೊಂದು ಮಾತು ಹೇಳಿ. ಹಾಲಿನ ಚೊಂಬು ಮನೆಯಲ್ಲೇ ಇರಲಿ, ಮಕ್ಕಳು ಕುಡಿದಾರು.